ಶಾಲೆ ಬಿಟ್ಟುಹೋದ ಹುಡುಗನ ಪರವಾಗಿ

ಪತ್ರ: ಸಂಪಾದಕರೇ, ನಾನೂ ಪಿಯುಸಿ ಓದುವ ಮಗಳೂ ಸೇರಿ ಕೊರಿಯಾದ ‘ದಿ ಹೇರ್ಸ್’ ಧಾರಾವಾಹಿ ನೋಡಿದೆವು. ಮನೆಯಲ್ಲಿ ಎರಡು ಪಾರ್ಟಿ ಆಗಿದೆ. ಮಗಳು ಕಿಮ್ ತಾನ್ ಕಡೆ, ನಾನು ಯಂಗ್-ದೋ ಕಡೆ. ಅಷ್ಟು ಪ್ರೀತಿಸಿದ ಹುಡುಗನಿಗೆ ಕೊನೆಗೆ ಏನೂ ಸಿಗದಿದ್ದದ್ದು ಅನ್ಯಾಯ ಅಲ್ವಾ? ನೀವೇ ತೀರ್ಪು ಕೊಡಿ. – ಓದುಗರೊಬ್ಬರು, ದಾವಣಗೆರೆ

ಉತ್ತರ: ಮೇಡಂ, ಮಗಳ ಜೊತೆ ಕೂತು ನೋಡಿ, ಜಗಳ ಆಡಿ, ಆಮೇಲೆ ಪತ್ರ ಬರೆದಿದ್ದೀರಿ. ಅದು ನನಗೆ ತುಂಬಾ ಇಷ್ಟವಾಯಿತು. ನಿಮ್ಮ ಪಾರ್ಟಿಗೆ ಮಾತ್ರ ನನ್ನ ವೋಟು ಇಲ್ಲ.

ನೋಡದವರಿಗಾಗಿ ಕತೆ ಚುಟುಕಾಗಿ ಹೇಳಿಬಿಡುತ್ತೇನೆ. 2013ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಎಸ್‌ಬಿಎಸ್ ವಾಹಿನಿಯಲ್ಲಿ 20 ಕಂತುಗಳಲ್ಲಿ ಬಂದ ಧಾರಾವಾಹಿ ಇದು. ಜೆಗುಕ್ ಎಂಬ ದೊಡ್ಡ ಕಂಪನಿಯ ಕುಟುಂಬ, ಅವರದೇ ಒಂದು ಹೈಸ್ಕೂಲು, ಅಲ್ಲಿ ಓದುವ ಶ್ರೀಮಂತರ ಮಕ್ಕಳು. ಆ ಮನೆಯ ಕೆಲಸದಾಕೆಗೆ ಮಾತು ಬಾರದು. ಆಕೆಯ ಮಗಳು ಉನ್-ಸಾಂಗ್. ಕಂಪನಿಯ ಕಿರಿಯ ಮಗ ತಾನ್‌ಗೂ, ಹೋಟೆಲ್ ಮಾಲೀಕನ ಮಗ ಯಂಗ್-ದೋಗೂ ಅವಳ ಮೇಲೇ ಮನಸ್ಸು. ತಾನ್‌ಗೆ ರೇಚಲ್ ಜೊತೆ ನಿಶ್ಚಿತಾರ್ಥ ಆಗಿಹೋಗಿದೆ. ಆ ರೇಚಲ್ ತಾಯಿಗೂ ಯಂಗ್-ದೋ ಅಪ್ಪನಿಗೂ ಮದುವೆ ಮಾತುಕತೆ ನಡೆದಿದೆ. ಈ ಮದುವೆಗಳೆಲ್ಲ ವ್ಯಾಪಾರದ ಲೆಕ್ಕಾಚಾರ.

ಯಂಗ್-ದೋ ಬಗ್ಗೆ ಮರುಕ ಹುಟ್ಟುವುದು ಸಹಜ. ತಾಯಿ ಬಿಟ್ಟುಹೋದ ಮಗು. ಮಗನ ಮೇಲೆ ಕೈ ಮಾಡುವ ಅಪ್ಪ. ಹೋಟೆಲ್ ಅಡುಗೆಮನೆಯಲ್ಲಿ ನಿಂತು ತಟ್ಟೆ ತೊಳೆಯುವ ಯಜಮಾನನ ಮಗ. ಕಿಮ್ ವೂ-ಬಿನ್ ಆ ಪಾತ್ರಕ್ಕೆ ಜೀವ ತುಂಬಿದ್ದಾರೆ. ಒಪ್ಪಿದೆ.

ಆದರೆ ಜುನ್-ಯಂಗ್ ನಿಮಗೆ ನೆನಪಿದ್ದಾನಾ? ಆ ಶಾಲೆಯಲ್ಲಿ ನಾಲ್ಕು ದರ್ಜೆ. ಕಂಪನಿ ನಡೆಸಲಿರುವವರು, ಷೇರು ಸಿಗಲಿರುವವರು, ದೊಡ್ಡ ಹುದ್ದೆ, ಹೆಸರು ಇರುವವರ ಮಕ್ಕಳು, ಕೊನೆಗೆ ದಯೆಯ ಮೇಲೆ ಸೀಟು ಸಿಕ್ಕ ಬಡವರು. ಜುನ್-ಯಂಗ್ ಕೊನೆಯ ದರ್ಜೆಯವನು. ಯಂಗ್-ದೋ ಅವನನ್ನು ಕಾಡಿ ಕಾಡಿ ಶಾಲೆಯನ್ನೇ ಬಿಡಿಸಿದ. ಉನ್-ಸಾಂಗ್ ಕೂಡ ಅದೇ ದರ್ಜೆಯವಳು ಅಂತ ಗೊತ್ತಾದಾಗ, ಆ ಗುಟ್ಟನ್ನೇ ಹಿಡಿದು ಅವಳನ್ನೂ ಆಟ ಆಡಿಸಿದ. ಇದನ್ನು ಪ್ರೀತಿ ಅನ್ನಬೇಕಾ ಮೇಡಂ? ಅವಳಿಗೆ ಅವನನ್ನು ಕಂಡರೆ ಎದೆ ಡವಡವ ಅನ್ನುತ್ತಿತ್ತು, ಸರಿ. ಆದರೆ ಅದು ಭಯಕ್ಕೆ.

ತಾನ್ ಕೂಡ ಹಿಂದೆ ಹೀಗೆ ಕಾಡುವವರ ಗುಂಪಿನಲ್ಲಿ ಇದ್ದವನೇ. ಹಾಗಾಗಿ ನಿಮ್ಮ ಮಗಳೂ ಜಾಸ್ತಿ ಬೀಗುವ ಹಾಗಿಲ್ಲ. ತಾನ್ ಪಾತ್ರ ಮಾಡಿದ ನಟ ಲೀ ಮಿನ್-ಹೋ 2009ರ ‘ಬಾಯ್ಸ್ ಓವರ್ ಫ್ಲವರ್ಸ್’ನಲ್ಲೂ ಇಂಥದ್ದೇ ಹುಡುಗ. ಅಲ್ಲಿ ಅವನ ಗುಂಪು ಯಾರಿಗೆ ಕೆಂಪು ಚೀಟಿ ಕೊಡುತ್ತದೋ ಅವರನ್ನು ಇಡೀ ಶಾಲೆ ಸೇರಿ ಹಿಂಸಿಸುತ್ತದೆ. ಮೊದಲ ಕಂತಿನಲ್ಲೇ ಒಬ್ಬ ಹುಡುಗ ಸಾಯಲು ಮಾಳಿಗೆ ಹತ್ತುತ್ತಾನೆ. ಬಟ್ಟೆ ಒಗೆದು ತಲುಪಿಸಲು ಬಂದ ಹುಡುಗಿ ಅವನನ್ನು ಉಳಿಸುತ್ತಾಳೆ. ಆಮೇಲೆ ಅವಳಿಗೂ ಆ ಗುಂಪಿನ ನಾಯಕನಿಗೂ ಪ್ರೇಮ. ಮಾಳಿಗೆ ಹತ್ತಿದವನನ್ನು ನಾವೆಲ್ಲ ಮರೆತು, ನಾಯಕನ ಗುಂಗುರು ಕೂದಲಿನ ಬಗ್ಗೆ ಮಾತಾಡುತ್ತೇವೆ.

‘ದಿ ಹೇರ್ಸ್’ ಬರೆದವರು ಕಿಮ್ ಉನ್-ಸೂಕ್. ಅವರೇ ಮುಂದೆ ‘ದಿ ಗ್ಲೋರಿ’ ಬರೆದರು. 2022ರ ಡಿಸೆಂಬರ್ ಕೊನೆಗೆ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಅಲ್ಲೂ ಶ್ರೀಮಂತ ಗೆಳೆಯರ ಒಂದು ಗುಂಪು. ಶಾಲೆಯ ಜಿಮ್‌ನಲ್ಲಿ ಬಡ ಹುಡುಗಿಯೊಬ್ಬಳ ಮೈಮೇಲೆ, ಕೂದಲು ಗುಂಗುರು ಮಾಡುವ ಬಿಸಿ ಕಡ್ಡಿಯಿಂದ ಬರೆ ಹಾಕುತ್ತಾರೆ. ಅವಳು ಶಾಲೆ ಬಿಡುತ್ತಾಳೆ. ಕಾರ್ಖಾನೆಯಲ್ಲಿ ದುಡಿಯುತ್ತಾಳೆ, ಓದಿ ಮೇಷ್ಟ್ರಾಗುತ್ತಾಳೆ. ಕೊನೆಗೆ ತನಗೆ ಬರೆ ಹಾಕಿದವಳ ಮಗಳಿಗೇ ಕ್ಲಾಸ್ ಟೀಚರ್ ಆಗಿ ಬಂದು ನಿಲ್ಲುತ್ತಾಳೆ. ಅದನ್ನು ಬರೆಯಲು ಅವರಿಗೆ ದಾರಿ ತೋರಿಸಿದ್ದು ಹದಿಹರೆಯದ ಮಗಳ ಒಂದು ಪ್ರಶ್ನೆ: ನಾನು ಯಾರನ್ನೋ ಹೊಡೆದರೆ ನಿನಗೆ ಜಾಸ್ತಿ ನೋವಾ, ಯಾರೋ ನನ್ನನ್ನು ಹೊಡೆದರೆ ಜಾಸ್ತಿ ನೋವಾ? ಯಂಗ್-ದೋನನ್ನು ಸೃಷ್ಟಿಸಿದ ಲೇಖಕಿಯೇ ಒಂಬತ್ತು ವರ್ಷಗಳ ಮೇಲೆ ಜುನ್-ಯಂಗ್ ಕಡೆಯಿಂದ ಕತೆ ಹೇಳಿದರು ಅಂತಲೇ ನಾನು ಓದಿಕೊಳ್ಳುತ್ತೇನೆ. ಅಷ್ಟರಲ್ಲಿ ಆ ದೇಶವೂ ಬದಲಾಗಿತ್ತು. 2021ರ ಫೆಬ್ರವರಿಯಲ್ಲಿ, ಶಾಲಾ ದಿನಗಳಲ್ಲಿ ಜೊತೆಯವರನ್ನು ಹಿಂಸಿಸಿದ್ದು ಹೊರಬಂದಾಗ, ವಾಲಿಬಾಲ್‌ನ ಹೆಸರಾಂತ ಅವಳಿ ಸಹೋದರಿಯರನ್ನು ರಾಷ್ಟ್ರೀಯ ತಂಡದಿಂದಲೇ ಹೊರಗಿಟ್ಟರು. ‘ದಿ ಗ್ಲೋರಿ’ಯ ನಿರ್ದೇಶಕರ ಮೇಲೇ ಅಂಥ ಆರೋಪ ಬಂದು, 2023ರಲ್ಲಿ ಅವರೂ ಕ್ಷಮೆ ಕೇಳಬೇಕಾಯಿತು.

ನಮ್ಮಲ್ಲಿ? ಬೇಡ ಅಂದ ಹುಡುಗಿಯ ಹಿಂದೆ ಬೈಕ್ ಓಡಿಸುವ ನಾಯಕನಿಗೆ ಈಗಲೂ ಶಿಳ್ಳೆ ಬೀಳುತ್ತದೆ. ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬ ಸೀನಿಯರ್ ಇದ್ದ. ಕಾರಿದ್ದ ಮನೆಯ ಹುಡುಗ, ಚೆನ್ನಾಗಿ ಹಾಡುತ್ತಿದ್ದ. ಅವನ ಕಾಟ ತಡೆಯಲಾಗದೆ ನನ್ನ ರೂಮಿನ ಹುಡುಗ ವರ್ಷದ ನಡುವೆ ಟ್ರಂಕು ಹೊತ್ತು ಊರಿಗೆ ಹೊರಟುಹೋದ. ವಾರ್ಡನ್ ‘ಹುಡುಗಾಟ’ ಅಂದು ಸುಮ್ಮನಾದರು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದಾಗ ಆ ಸೀನಿಯರ್‌ಗೆ ಶಾಲು ಹೊದಿಸಿ ಹಾಡಿಸಿದರು. ಟ್ರಂಕು ಹೊತ್ತವನನ್ನು ಕರೆದೇ ಇರಲಿಲ್ಲ. ರ‍್ಯಾಗಿಂಗ್ ತಡೆಯಲು 2009ರಲ್ಲಿ ಯುಜಿಸಿ ನಿಯಮ ಮಾಡಿದೆ. ಪ್ರವೇಶದ ಹೊತ್ತಿಗೆ ಮಕ್ಕಳಿಂದಲೂ ಪಾಲಕರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ನಾವು ಅದನ್ನು ಓದದೆ ಸಹಿ ಹಾಕಿ ಕೊಡುತ್ತೇವೆ. ಕೆಟ್ಟವನು ಚೆಂದವಾಗಿ ಅತ್ತರೆ ಸಾಕು, ನಮ್ಮ ಮನಸ್ಸು ಅವನ ಕಡೆ ವಾಲುತ್ತದೆ. ಏಟು ತಿಂದವನು ಅಳುವುದನ್ನು ಮಾತ್ರ ನಾವು ನಿಂತು ನೋಡುವುದಿಲ್ಲ.

ನೀವು ತೀರ್ಪು ಕೇಳಿದಿರಿ. ನನ್ನ ವೋಟು ಚಾನ್-ಯಂಗ್‌ಗೆ. ಕಂಪನಿಯ ಸೆಕ್ರೆಟರಿ ಮಗ. ಅವನ ಹುಡುಗಿ ಬೋ-ನಾ ಮನರಂಜನಾ ಕಂಪನಿಯ ಮಾಲೀಕರ ಮಗಳು, ಹಿಂದೆ ತಾನ್ ಜೊತೆ ಓಡಾಡಿದವಳು. ಹಣದ ಅಂತರ ಇಲ್ಲೂ ಇದೆ. ಚಾನ್-ಯಂಗ್‌ಗೂ ಉನ್-ಸಾಂಗ್‌ಗೂ ಹಳೆಯ ಸ್ನೇಹ ಅಂತ ಬೋ-ನಾಗೆ ಹೊಟ್ಟೆಯುರಿ. ಅವನು ಸ್ನೇಹವನ್ನು ಮುಚ್ಚಿಡುವುದಿಲ್ಲ, ಬಿಡುವುದೂ ಇಲ್ಲ. ಬೋ-ನಾ ಮುನಿಸಿಕೊಂಡರೆ ನಗುತ್ತಾ ಸಮಾಧಾನ ಮಾಡುತ್ತಾನೆ. ಯಾರನ್ನೂ ಗೋಡೆಗೆ ಒತ್ತುವುದಿಲ್ಲ, ಯಾರ ಕೈಯನ್ನೂ ಹಿಡಿದೆಳೆಯುವುದಿಲ್ಲ. ಕೊನೆಗೆ ಬೋ-ನಾ ಉನ್-ಸಾಂಗ್‌ಗೂ ಗೆಳತಿಯಾಗುತ್ತಾಳೆ. ಈ ಜೋಡಿಯ ಪರವಾಗಿ ನನಗೆ ಒಂದು ಪತ್ರವೂ ಬಂದಿಲ್ಲ.

ನಿಮ್ಮ ಮಗಳಿಗೆ ಇದು ಒಪ್ಪಿಗೆಯಾಗದಿದ್ದರೆ ಅವಳೇ ಬರೆಯಲಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.