ತಲೆಯಲ್ಲಿ ಚಿತ್ರ ಬರದಿದ್ದರೂ ರೀಸನಿಂಗ್ ಬರುತ್ತದೆ

"ರೀಸನಿಂಗ್ ಲೆಕ್ಕ ಬಿಡಿಸುವಾಗ ಫ್ರೆಂಡ್ಸಿಗೆಲ್ಲ ತಲೆಯಲ್ಲಿ ಚಿತ್ರ ಕಾಣುತ್ತದಂತೆ, ನನಗೆ ಏನೂ ಕಾಣುವುದಿಲ್ಲ, ನನ್ನಿಂದ ಆಗುತ್ತಾ?" ಅಂತ ಕೇಳಿದ್ದೀರಿ.

ಧಾರಾಳವಾಗಿ ಆಗುತ್ತದೆ. ಅದಕ್ಕೆ ಬೇಕಾದದ್ದು ಚಿತ್ರ ಅಲ್ಲ, ಜಾಗ.

ನಾನು ಉಡುಪಿಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಸಂಜೆ ಪಾಠ ಮಾಡುತ್ತೇನೆ. "ಗೀತಾ ಸೀತಾಳಿಗಿಂತ ಎತ್ತರ, ಸೀತಾ ಲತಾಳಿಗಿಂತ ಎತ್ತರ" ಅಂದ ಕೂಡಲೇ ಒಬ್ಬ ಹುಡುಗಿಯ ಬೆರಳು ಡೆಸ್ಕಿನ ಮೇಲೆ ಮೂರು ಕಡೆ ಕುಟ್ಟುತ್ತದೆ. ಮೇಲೆ, ನಡುವೆ, ಕೆಳಗೆ. "ಗೀತಾ ಯಾವ ಬಣ್ಣದ ಚೂಡಿದಾರ ಹಾಕಿದ್ದಾಳೆ?" ಅಂದರೆ ನಗುತ್ತಾಳೆ. ಅವಳ ತಲೆಯಲ್ಲಿ ಗೀತಾ ಅಂದರೆ ಬರೀ ಒಂದು ಚುಕ್ಕಿ.

ಚುಕ್ಕಿಯೇ ವಾಸಿ. 2002ರಲ್ಲಿ ಮಾರ್ಕಸ್ ಕ್ನಾಫ್ ಮತ್ತು ಫಿಲಿಪ್ ಜಾನ್ಸನ್-ಲೇರ್ಡ್ ಎಂಬ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ನೋಡಿದರು. "ಇದು ಅದಕ್ಕಿಂತ ಕೊಳಕು" ಎಂಬಂಥ, ಕಣ್ಣಿಗೆ ಕಟ್ಟುವ ಮಾತು ಇದ್ದ ಲೆಕ್ಕಗಳಲ್ಲಿ ಜನ ನಿಧಾನವಾದರು. ಕೊಳಕು ಕಣ್ಣ ಮುಂದೆ ಬಂದು ದಾರಿಗೆ ಅಡ್ಡ ನಿಲ್ಲುತ್ತದೆ! 2006ರ ಇನ್ನೊಂದು ಪ್ರಯೋಗದಲ್ಲಿ, ಹುಟ್ಟಿನಿಂದಲೇ ಕಣ್ಣು ಕಾಣದವರಿಗೆ ಈ ತೊಡಕೇ ಆಗಲಿಲ್ಲ.

ನೀವೇ ಪರೀಕ್ಷೆ ಮಾಡಿ ನೋಡಿ. ಮಂಗಳೂರಿನಿಂದ ಉಡುಪಿಗೆ ಬಸ್ಸಿನಲ್ಲಿ ಬಂದರೆ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ. ಸುರತ್ಕಲ್ ಮೊದಲಾ, ಕಟಪಾಡಿ ಮೊದಲಾ? ಥಟ್ಟಂತ ಹೇಳುತ್ತೀರಿ. ಪಡುಬಿದ್ರಿ ಮೊದಲಾ, ಕಾಪು ಮೊದಲಾ? ಹೊಸಬರು ಒಂದು ಕ್ಷಣ ತಡೆಯುತ್ತಾರೆ. ಒಂದೊಂದೇ ಸ್ಟಾಪ್ ಎಣಿಸುತ್ತಾ ಹೋಗುವುದಾದರೆ ದೂರದ ಜೋಡಿಗೇ ಜಾಸ್ತಿ ಹೊತ್ತು ಬೇಕಿತ್ತು, ಅಲ್ವಾ? ಸಾಲನ್ನು ಒಟ್ಟಿಗೇ ಹರವಿಕೊಂಡಿದ್ದರೆ ದೂರದ ಎರಡು ಬೇಗ ಬೇರೆಯಾಗುತ್ತವೆ. ಚಿತ್ರ "ಕಾಣದಿದ್ದರೂ" ನಿಮ್ಮ ತಲೆಯಲ್ಲಿ ಕೆಲಸ ಮಾಡುವುದು ಈ ಸಾಲೇ ಇರಬೇಕು. (ಕಂಡಕ್ಟರರನ್ನು ಕೇಳಬೇಡಿ, ಅವರಿಗೆ ಬಾಯಿಪಾಠ.)

ನಿಜವಾದ ಗುಂಡಿ ಬೇರೆ ಕಡೆ ಇದೆ. "ಪಡುಬಿದ್ರಿ ಉಡುಪಿಯ ದಕ್ಷಿಣಕ್ಕಿದೆ, ಕಾಪುವೂ ದಕ್ಷಿಣಕ್ಕಿದೆ. ಉಡುಪಿಗೆ ಹತ್ತಿರ ಯಾವುದು?" ಅಂತ ಕೊಟ್ಟೆ. ಘಟ್ಟದ ಮೇಲಿನಿಂದ ಬಂದ ಹುಡುಗ ಪಡುಬಿದ್ರಿ ಅಂದ. ಯಾಕೆ ಮಾರಾಯ ಅಂದರೆ, "ಅದನ್ನೇ ಮೊದಲು ಹೇಳಿದ್ರಲ್ವಾ ಸರ್." ಊರಿನವರು ಕಾಪು ಅಂದರು. ಊರಿನ ಮಟ್ಟಿಗೆ ಸರಿ, ಪ್ರಶ್ನೆಯ ಮಟ್ಟಿಗೆ ಅದೂ ತಪ್ಪು. ಕೊಟ್ಟ ಮಾತಿನಿಂದ ಹೇಳಲು ಬರುವುದಿಲ್ಲ ಎಂಬುದೇ ಉತ್ತರ. ಒಂದು ಜೋಡಣೆ ಸಿಕ್ಕ ಕೂಡಲೇ ತಲೆ ಹುಡುಕುವುದನ್ನು ನಿಲ್ಲಿಸಿಬಿಡುತ್ತದೆ.

ಹಾಗಾಗಿ ಸಾಲು ಕೂತ ಮೇಲೆ, ಪ್ರಶ್ನೆಯಲ್ಲಿ ಕೇಳಿದ ಎರಡು ಚುಕ್ಕಿಯನ್ನು ಸುಮ್ನೆ ಅದಲು ಬದಲು ಮಾಡಿ ನೋಡಿ. ಆಗಲೂ ಕೊಟ್ಟ ಮಾತು ಯಾವುದೂ ಮುರಿಯದಿದ್ದರೆ "ಹೇಳಲಾಗದು" ಅಂತ ಟಿಕ್ ಹಾಕಿ. ರೌಂಡ್ ಟೇಬಲ್ ಸುತ್ತ ಎಂಟು ಜನ ಕೂರುವ ಲೆಕ್ಕಕ್ಕೆ ಮಾತ್ರ ಈ ಸಾಹಸ ಬೇಡ. ಅದಕ್ಕೆ ನಾನೂ ಪೆನ್ಸಿಲ್ ಹುಡುಕುತ್ತೇನೆ.