ಸಿಂತ್‌ಗಳನ್ನು ನಡೆಸಲು ಯಾವ ಪೆಟ್ಟಿಗೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ನನ್ನ ಹತ್ತಿರ ಕೋರ್ಗ್ ಮಿನಿಲಾಗ್, ರೋಲಂಡ್ ಜೆಯು-06ಎ ಮತ್ತು ಕೋರ್ಗ್ ವೋಲ್ಕಾ ಬಾಸ್ ಎಂಬ ಮೂರು ಸಿಂತ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂತಸೈಜರ್) ಇವೆ. ಲ್ಯಾಪ್‌ಟಾಪ್ ಬಿಟ್ಟು, ಸ್ವರಗಳನ್ನು ನೆನಪಿಟ್ಟು ತಾನೇ ನುಡಿಸುವ ಒಂದೇ ಪೆಟ್ಟಿಗೆಯಿಂದ (ಸೀಕ್ವೆನ್ಸರ್) ಮೂರನ್ನೂ ನುಡಿಸಿ ಅದರಲ್ಲೇ ರೆಕಾರ್ಡ್ ಮಾಡಿಕೊಳ್ಳಬೇಕು. ಅಕಾಯ್ ಎಂಪಿಸಿ ಒನ್ ಪ್ಲಸ್, ಎಲೆಕ್ಟ್ರಾನ್ ಡಿಜಿಟಾಕ್ಟ್ 2, ನೊವೇಷನ್ ಸರ್ಕಿಟ್ ಟ್ರ್ಯಾಕ್ಸ್, ಈ ಮೂರರಲ್ಲಿ ಯಾವುದು ತೆಗೆದುಕೊಳ್ಳಲಿ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ಪೆಟ್ಟಿಗೆಯ ಒಳಗೆ ಎಷ್ಟು ಸದ್ದುಗಳಿವೆ ಎಂಬ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸದ್ದು ಮಾಡಲು ನಿಮ್ಮಲ್ಲಿ ಮೂರು ಸಿಂತ್ ಇವೆ. ನಿಮಗೆ ಲೆಕ್ಕಕ್ಕೆ ಬರುವುದು ಪೆಟ್ಟಿಗೆಯ ಹಿಂಬದಿ: ಮಿಡಿ (ಯಾವ ಸ್ವರ ಯಾವಾಗ ನುಡಿಸಬೇಕು ಎಂದು ವಾದ್ಯಗಳಿಗೆ ಹೇಳುವ ಸಂಕೇತ) ಔಟ್ ಎಷ್ಟು, ಆಡಿಯೊ ಇನ್ ಎಷ್ಟು, ಹೊರಗಿನ ವಾದ್ಯಕ್ಕೆಂದು ಎಷ್ಟು ಟ್ರ್ಯಾಕ್ ಕೊಟ್ಟಿದ್ದಾರೆ.

ಈ ಲೆಕ್ಕದಲ್ಲಿ ಸರ್ಕಿಟ್ ಟ್ರ್ಯಾಕ್ಸ್ ಮೊದಲೇ ಹೊರಗೆ. ಅದರಲ್ಲಿ ಮಿಡಿ ಟ್ರ್ಯಾಕ್ ಎರಡೇ, ನಿಮ್ಮ ಸಿಂತ್ ಮೂರು. ಎರಡು ಆಡಿಯೊ ಇನ್ ಇವೆ, ಹೊರಗಿನ ಸದ್ದಿಗೆ ಅದರ ರಿವರ್ಬ್, ಡಿಲೇ ಕೂಡ ಹಾಕಬಹುದು. ಆದರೆ ಬಂದದ್ದನ್ನು ಅದು ರೆಕಾರ್ಡ್ ಮಾಡಿಕೊಳ್ಳುವುದಿಲ್ಲ. ಒಂದೆರಡು ಸಿಂತ್ ಇಟ್ಟುಕೊಂಡು ಕಲಿಯುವವರಿಗೆ ಒಳ್ಳೆಯ ಪೆಟ್ಟಿಗೆ, ನಿಮಗಲ್ಲ.

ಉಳಿದೆರಡರ ನಡುವಿನ ಆಯ್ಕೆ ನೀವು ಕೆಲಸ ಮಾಡುವ ರೀತಿಯ ಮೇಲೆ ನಿಂತಿದೆ. ಡಿಜಿಟಾಕ್ಟ್ 2ರಲ್ಲಿ 16 ಟ್ರ್ಯಾಕ್. ಒಂದೊಂದನ್ನೂ ಆಡಿಯೊಗಾದರೂ ಮಿಡಿಗಾದರೂ ಇಟ್ಟುಕೊಳ್ಳಬಹುದು. ಪ್ಯಾಟರ್ನ್, ಅಂದರೆ ಮರುಕಳಿಸುವ ತುಣುಕು, 128 ಸ್ಟೆಪ್‌ವರೆಗೆ (ಸ್ಟೆಪ್ ಎಂದರೆ ಸ್ವರ ಇಡುವ ಒಂದು ಮನೆ) ಹೋಗುತ್ತದೆ. ಸ್ಟೆಪ್ಪನ್ನು ಒತ್ತಿ ಹಿಡಿದು ನಾಬ್ ತಿರುಗಿಸಿದರೆ ಆ ಸ್ಟೆಪ್ಪಿಗಷ್ಟೇ ಮಿನಿಲಾಗ್‌ನ ಫಿಲ್ಟರ್ ಬದಲಾಗುವಂತೆ ಮಾಡಬಹುದು. ಈ ಸುಖ ಎಂಪಿಸಿಯಲ್ಲಿ ಇಷ್ಟು ಬೆರಳಂಚಿನಲ್ಲಿ ಸಿಗುವುದಿಲ್ಲ. ಒಂದು ಮಿಡಿ ಟ್ರ್ಯಾಕಿನಲ್ಲಿ ಒಂದು ಸ್ಟೆಪ್ಪಿಗೆ ನಾಲ್ಕೇ ಸ್ವರ ಎಂಬ ಮಿತಿ ನಿಮಗೆ ತಟ್ಟುವುದಿಲ್ಲ, ಮಿನಿಲಾಗ್, ಜೆಯು-06ಎ ಎರಡೂ ನಾಲ್ಕು ವಾಯ್ಸ್‌ನವು, ಅಂದರೆ ಒಮ್ಮೆಗೆ ನಾಲ್ಕೇ ಸ್ವರ ನುಡಿಸಬಲ್ಲವು. ಆದರೆ ಉದ್ದನೆಯ ಹಾಡು ಕಟ್ಟುವುದು, ಐದು ನಿಮಿಷ ಬಿಡದೆ ನುಡಿಸಿದ್ದನ್ನು ಟ್ರ್ಯಾಕ್ ಟ್ರ್ಯಾಕಾಗಿ ಹಿಡಿದಿಡುವುದು ಅದರ ಜಾಯಮಾನವಲ್ಲ; ಅದು ಸ್ಯಾಂಪ್ಲರ್, ಸದ್ದಿನ ಚಿಕ್ಕ ತುಣುಕುಗಳನ್ನು ಹಿಡಿದು ನುಡಿಸುವಂಥದ್ದು. ನೀವು ‘ಅದರಲ್ಲೇ ರೆಕಾರ್ಡ್’ ಎಂದು ಬರೆದಿದ್ದೀರಿ. ಹಾಗಾಗಿ ನಮ್ಮ ಮತ ಎಂಪಿಸಿ ಒನ್ ಪ್ಲಸ್‌ಗೆ: 7 ಇಂಚಿನ ಟಚ್ ಪರದೆ, ಆಡಿಯೊ ಟ್ರ್ಯಾಕ್‌ಗಳು, ಯುಎಸ್‌ಬಿ ಸಾಧನಗಳನ್ನು ನೇರ ಜೋಡಿಸಲು ಯುಎಸ್‌ಬಿ ಹೋಸ್ಟ್ ಪೋರ್ಟ್, ಜೊತೆಗೆ ಮುಂದೆಂದಾದರೂ ಮಾಡ್ಯುಲರ್ (ಬಿಡಿ ಭಾಗಗಳನ್ನು ಜೋಡಿಸಿ ಕಟ್ಟುವ ಸಿಂತ್) ಕಡೆ ಹೋದರೆ ಅದನ್ನು ವೋಲ್ಟೇಜಿನಿಂದ ನಡೆಸುವ ಸಿವಿ/ಗೇಟ್ ಸಾಕೆಟ್‌ಗಳು.

ಪೆಟ್ಟಿಗೆಯೊಂದನ್ನೇ ತಂದರೆ ಮಾತ್ರ ಕೆಲಸ ಆಗುವುದಿಲ್ಲ. ಎಂಪಿಸಿ ಒನ್‌ನಲ್ಲಿರುವ ಐದು ಪಿನ್ನಿನ ಮಿಡಿ ಔಟ್ ಒಂದೇ. ಒಂದು ಕೇಬಲ್ಲಿನಲ್ಲಿ 16 ಚಾನೆಲ್ ಹೋಗುವುದರಿಂದ ಅದು ಸಾಕು, ಆದರೆ ಅದನ್ನು ಮೂರಾಗಿ ಹಂಚಲು ಪವರ್ ಇರುವ ಮಿಡಿ ಥ್ರೂ ಬಾಕ್ಸ್ ಬೇಕು. ದುಡ್ಡು ಉಳಿಸಲು ವೈ ಕೇಬಲ್ ಮಾಡಿಸಬೇಡಿ. ಮಿಡಿ ನಡೆಯುವುದು 5 ಮಿಲಿಆಂಪಿಯರ್ ಕರೆಂಟಿನಲ್ಲಿ. ಅದನ್ನು ಹಾಗೇ ಸೀಳಿದರೆ ಸಿಂತ್ ಒಳಗಿನ ಆಪ್ಟೊಕಪ್ಲರ್‌ಗೆ (ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಭಾಗ) ಅರೆಹೊಟ್ಟೆ. ಕೆಲವು ಸ್ವರ ತಪ್ಪುತ್ತವೆ, ‘ನಿಲ್ಲು’ ಎಂಬ ಸಂದೇಶ ತಪ್ಪಿದಾಗ ಸ್ವರ ನಿಲ್ಲದೆ ಕೂಗುತ್ತಲೇ ಇರುತ್ತದೆ. ಮಿನಿಲಾಗ್ 1, ಜೆಯು 2, ವೋಲ್ಕಾ 3 ಎಂದು ಚಾನೆಲ್ ಹಂಚಿ, ಒಂದೊಂದರ ಮೇಲೂ ಚೀಟಿ ಅಂಟಿಸಿ.

ಇನ್ನು ಆಡಿಯೊ. ಮಿನಿಲಾಗ್ ಮೋನೊ, ವೋಲ್ಕಾ ಮೋನೊ, ಜೆಯು ಸ್ಟೀರಿಯೊ: ಒಟ್ಟು ನಾಲ್ಕು ಲೈನ್. ಎಂಪಿಸಿ ಒನ್‌ಗಾಗಲಿ ಡಿಜಿಟಾಕ್ಟ್‌ಗಾಗಲಿ ಇರುವ ಇನ್ ಎರಡೇ. ಮಿಕ್ಸರ್ ಬೇಕೇ ಬೇಕು, ಅದರಲ್ಲೂ ಪ್ರತಿ ಚಾನೆಲ್ಲಿಗೆ ‘ಆಲ್ಟ್ 3-4’ ಗುಂಡಿ ಇರುವಂಥದ್ದು. ಆಲ್ಟ್ 3-4 ಔಟನ್ನು ಎಂಪಿಸಿಯ ಇನ್‌ಗೆ, ಎಂಪಿಸಿಯ ಔಟನ್ನು ಮಿಕ್ಸರಿನ ಬೇರೊಂದು ಜೋಡಿ ಚಾನೆಲ್ಲಿಗೆ ಕೊಡಿ. ರೆಕಾರ್ಡ್ ಮಾಡಬೇಕಾದ ಸಿಂತ್‌ನ ಗುಂಡಿಯನ್ನಷ್ಟೇ ಒತ್ತಿದರೆ ಅದು ಮುಖ್ಯ ಮಿಕ್ಸ್‌ನಿಂದ ಕಳಚಿ ಎಂಪಿಸಿಗೆ ಹೋಗುತ್ತದೆ. ಟ್ರ್ಯಾಕಿನ ಮಾನಿಟರ್ ಆನ್ ಇಟ್ಟು ಅದರ ಮೂಲಕವೇ ಕೇಳಿ. ಆಕ್ಸ್ ಸೆಂಡಿನಿಂದ (ಮುಖ್ಯ ಮಿಕ್ಸ್‌ನಿಂದ ಕಳಚದೆ ಸದ್ದಿನ ನಕಲನ್ನು ಹೊರಗೆ ಕೊಡುವ ದಾರಿ) ಕಳಿಸಿದರೆ ಅದೇ ಸದ್ದು ಮಿಕ್ಸರಿನಿಂದ ನೇರವಾಗಿ ಒಮ್ಮೆ, ಎಂಪಿಸಿಯಿಂದ ಕೊಂಚ ತಡವಾಗಿ ಇನ್ನೊಮ್ಮೆ ಕೇಳಿ ಡಬ್ಬದೊಳಗೆ ಕೂತು ನುಡಿಸಿದ ಹಾಗಿರುತ್ತದೆ. ಆಗ ಎಂಪಿಸಿಯ ಮಾನಿಟರ್ ಆಫ್ ಇರಬೇಕು. ಎಂಪಿಸಿ ವಾಪಸ್ ಬರುವ ಚಾನೆಲ್ಲಿನ ಆಲ್ಟ್ ಗುಂಡಿಯನ್ನು ಮಾತ್ರ ಎಂದೂ ಒತ್ತಬೇಡಿ, ಸ್ಪೀಕರ್ ಕಿರುಚುತ್ತದೆ. ರೆಕಾರ್ಡ್ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಸಾಕು, ಕೆಂಪು ಮುಟ್ಟಿಸುವ ಚಟ ಬೇಡ.

ವೋಲ್ಕಾದ ವಿಷಯದಲ್ಲಿ ಒಂದು ಎಚ್ಚರ. ಅದರ ಔಟ್ 3.5 ಮಿಮೀ ಸ್ಟೀರಿಯೊ ಹೆಡ್‌ಫೋನ್ ಸಾಕೆಟ್. ಎಡಕ್ಕೂ ಬಲಕ್ಕೂ ಒಂದೇ ಸದ್ದು. ಅದನ್ನು ಸ್ಟೀರಿಯೊ ಕೇಬಲ್ಲಿನಲ್ಲಿ ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಗೆ ಚುಚ್ಚಿದರೆ, ಬ್ಯಾಲೆನ್ಸ್ಡ್ ಇನ್ ಎರಡು ತಂತಿಗಳ ವ್ಯತ್ಯಾಸವನ್ನಷ್ಟೇ ಕೇಳುವುದರಿಂದ, ಬಾಸ್ ಬಹುತೇಕ ಸೊನ್ನೆ. ಸಿಂತ್ ಕೆಟ್ಟಿದೆ ಎಂದು ರಿಪೇರಿಗೆ ಕೊಡುವ ಮುಂಚೆ, ಒಂದು ಕಡೆ 3.5 ಸ್ಟೀರಿಯೊ, ಇನ್ನೊಂದು ಕಡೆ ಕಾಲಿಂಚಿನ ಎರಡು ಮೋನೊ ಜ್ಯಾಕ್ ಇರುವ ಕೇಬಲ್ ತಂದು, ಎರಡರಲ್ಲಿ ಒಂದನ್ನಷ್ಟೇ ಹಾಕಿ ನೋಡಿ. ಜೆಯುಗೂ ಇದೇ ಕೇಬಲ್, ಅಲ್ಲಿ ಎರಡು ಜ್ಯಾಕನ್ನೂ ಹಾಕಿ.

ಪ್ರಶ್ನೆ: ಸಿಂತ್‌ನ ಕೀ ಒತ್ತಿದರೆ ಪ್ರತಿ ಸ್ವರವೂ ಎರಡೆರಡು ಸಲ ಬಂದಂತೆ ಕೇಳುತ್ತದೆ. ಕಾರ್ಡ್ ಹಿಡಿದರೆ ಕೆಲವು ಸ್ವರ ಮಾಯ. ಮಿಡಿ ಇನ್, ಔಟ್ ಎರಡನ್ನೂ ಪೆಟ್ಟಿಗೆಗೆ ಜೋಡಿಸಿದ್ದೇನೆ.
— ಓದುಗರೊಬ್ಬರು, ಯಲಹಂಕ

ಉತ್ತರ: ಸಿಂತ್‌ನ ಸೆಟ್ಟಿಂಗ್‌ನಲ್ಲಿ ‘ಲೋಕಲ್’ ಆಫ್ ಮಾಡಿ. ಈಗ ಕೀ ಒತ್ತಿದಾಗ ಸಿಂತ್ ತಾನೇ ಒಮ್ಮೆ ನುಡಿಯುತ್ತದೆ; ಅದೇ ಸ್ವರ ಪೆಟ್ಟಿಗೆಗೆ ಹೋಗಿ ಮರಳಿ ಬಂದು ಇನ್ನೊಮ್ಮೆ ನುಡಿಸುತ್ತದೆ. ನಿಮ್ಮದು ನಾಲ್ಕು ವಾಯ್ಸ್‌ನ ಸಿಂತ್ ಆಗಿದ್ದರೆ ಎರಡು ಹೀಗೆ ವ್ಯರ್ಥವಾಗುವುದರಿಂದ ಕಾರ್ಡ್ ಹರಿಯುತ್ತದೆ. ಪೆಟ್ಟಿಗೆಯಿಲ್ಲದೆ ಸಿಂತ್ ಒಂದನ್ನೇ ನುಡಿಸುವಾಗ ಲೋಕಲ್ ಮತ್ತೆ ಆನ್ ಮಾಡಬೇಕು, ಇಲ್ಲದಿದ್ದರೆ ಕೀಲಿಮಣೆ ಮೂಕ.

ಪ್ರಶ್ನೆ: ಎಸ್‌ಪಿ ರಸ್ತೆಯಲ್ಲಿ 3.5 ಮಿಮೀ ಜ್ಯಾಕಿನಿಂದ ಐದು ಪಿನ್ನಿಗೆ ಹೋಗುವ ಕೇಬಲ್ ಮಾಡಿಸಿದೆ. ಒಂದು ಸಿಂತ್‌ಗೆ ಕೆಲಸ ಮಾಡುತ್ತದೆ, ಇನ್ನೊಂದಕ್ಕೆ ಇಲ್ಲ.
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಮಾಡಿಕೊಟ್ಟವರ ತಪ್ಪಲ್ಲ. ಸಣ್ಣ ಜ್ಯಾಕಿನ ಮಿಡಿಯಲ್ಲಿ ಎ, ಬಿ ಎಂದು ಎರಡು ಬಗೆ ಚಾಲ್ತಿಗೆ ಬಂದಿದ್ದವು. 2018ರಲ್ಲಿ ಎ ಬಗೆಯನ್ನೇ ಮಾನಕ ಮಾಡಿದರು. ಅದಕ್ಕಿಂತ ಮುಂಚಿನ ಕೆಲವು ಸಾಧನಗಳು ಬಿ ಬಗೆಯವು. ಎ ಬಗೆಯಲ್ಲಿ ಜ್ಯಾಕಿನ ತುದಿ 5ನೇ ಪಿನ್ನಿಗೆ, ನಡುವಿನ ಉಂಗುರ 4ನೇ ಪಿನ್ನಿಗೆ, ಬುಡ 2ನೇ ಪಿನ್ನಿಗೆ. ಬಿ ಬಗೆಯಲ್ಲಿ ತುದಿ ಮತ್ತು ಉಂಗುರ ಅದಲುಬದಲು. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ನೋಡಿದರೆ ಎರಡು ನಿಮಿಷದ ಕೆಲಸ. ಪಿನ್‌ಗಳ ಅಂಕಿ ಸಾಲಾಗಿಲ್ಲ ಎಂಬುದು ನೆನಪಿರಲಿ: ನಟ್ಟನಡುವಿನದು 2; 4 ಮತ್ತು 5 ಅದರ ಅಕ್ಕಪಕ್ಕದವು. ಹಳೆಯ ಟೇಪ್ ರೆಕಾರ್ಡರ್‌ಗಳ ಐದು ಪಿನ್ ಕೇಬಲ್ಲೂ ಅಂಗಡಿಗಳಲ್ಲಿ ಸಿಗುತ್ತದೆ. ಕೆಲವದರ ಒಳಗೆ ತಂತಿ ಅಡ್ಡ ಹಾಕಿರುತ್ತಾರೆ, ಅದು ಮಿಡಿಗೆ ಬರುವುದಿಲ್ಲ. ಮಿಡಿ ಕೇಬಲ್ 15 ಮೀಟರ್ ಮೀರಬಾರದು.

ಪ್ರಶ್ನೆ: ಮಿಶ್ರಛಾಪು, ಖಂಡಛಾಪುಗಳಲ್ಲಿ ಟ್ರ್ಯಾಕ್ ಮಾಡಬೇಕು. ಇಂಥ ಪೆಟ್ಟಿಗೆಗಳು 16 ಸ್ಟೆಪ್ಪಿಗೆ ಅಂಟಿಕೊಂಡಂತೆ ಕಾಣುತ್ತವೆ. ಗಮಕ ಸಾಧ್ಯವೇ?
— ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ತಾಳ ಸುಲಭ. ಒಂದು ಅಕ್ಷರಕ್ಕೆ ಎರಡು ಸ್ಟೆಪ್ ಇಟ್ಟರೆ ಮಿಶ್ರಛಾಪಿನ ಒಂದು ಆವರ್ತ (ತಕಿಟ ತಕದಿಮಿ) 14 ಸ್ಟೆಪ್, ಖಂಡಛಾಪು 10. ಸರ್ಕಿಟ್ ಟ್ರ್ಯಾಕ್ಸ್‌ನ 32 ಸ್ಟೆಪ್‌ನಲ್ಲಿ ಮಿಶ್ರಛಾಪು ಎರಡೇ ಆವರ್ತ. ಹಳೆಯ ಡಿಜಿಟಾಕ್ಟ್‌ನ 64ರಲ್ಲಿ ನಾಲ್ಕು. ಡಿಜಿಟಾಕ್ಟ್ 2ರಲ್ಲಿ ಒಂಬತ್ತು. ಎಂಪಿಸಿಯಲ್ಲಿ ಸ್ಟೆಪ್ ಎಣಿಸುವ ಗೋಜೇ ಇಲ್ಲ, ಸೀಕ್ವೆನ್ಸ್‌ನ ಟೈಮ್ ಸಿಗ್ನೇಚರ್ 7/8 ಎಂದಿಟ್ಟು ಎಷ್ಟು ಬಾರ್ ಬೇಕೋ ಅಷ್ಟು ಮಾಡಿ.

ತೊಂದರೆ ಬರುವುದು ಹೊರಗಿನ ಸಿಂತ್‌ನಲ್ಲಿ. ಮಿಡಿ ಕ್ಲಾಕ್ ಎಂದರೆ ಒಂದು ಕ್ವಾರ್ಟರ್ ನೋಟಿಗೆ 24 ಟಿಕ್, ಅಷ್ಟೇ. ಆವರ್ತ ಎಲ್ಲಿ ಮುಗಿಯಿತು ಎಂಬ ಸುದ್ದಿ ಅದರಲ್ಲಿಲ್ಲ. ವೋಲ್ಕಾದ ಸ್ವಂತ ಸೀಕ್ವೆನ್ಸರನ್ನು 16 ಸ್ಟೆಪ್‌ನಲ್ಲೇ ಓಡಲು ಬಿಟ್ಟರೆ ಎರಡನೇ ಆವರ್ತಕ್ಕೇ ಸಮ ತಪ್ಪುತ್ತದೆ. ಅದರ ಪ್ಯಾಟರ್ನನ್ನು ಅಳಿಸಿ ಖಾಲಿ ಇಟ್ಟು, ಸ್ವರಗಳೆಲ್ಲ ಪೆಟ್ಟಿಗೆಯಿಂದಲೇ ಹೋಗಲಿ. ಆರ್ಪೆಜಿಯೇಟರ್‌ಗೂ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ತಾನೇ ನುಡಿಸುವ ಸೌಲಭ್ಯ) ಇದೇ ಮಾತು. ಕ್ಲಾಕ್ ಕೊಡುವ ಯಜಮಾನ ಒಬ್ಬನೇ ಇರಬೇಕು ಎಂದು ಬೇರೆ ಹೇಳಬೇಕಿಲ್ಲ.

ಗಮಕಕ್ಕೆ ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಪಿಚ್ ಬೆಂಡ್ ಎಂಬ ಮಿಡಿ ಸಂದೇಶ ಇದೆ: 14 ಬಿಟ್, ಅಂದರೆ 16,384 ಮಟ್ಟ, ಕಂಪಿತಕ್ಕೂ ಜಾರುವಿಗೂ ಧಾರಾಳ. ಆದರೆ ಬೆಂಡ್ ಇಡೀ ಚಾನೆಲ್ಲಿಗೆ ಅನ್ವಯಿಸುತ್ತದೆ. ಅದೇ ಚಾನೆಲ್ಲಿನಲ್ಲಿ ಶ್ರುತಿಯನ್ನೂ ಹಿಡಿದಿದ್ದರೆ ಅದೂ ಜೊತೆಗೆ ಓಲಾಡುತ್ತದೆ. ಶ್ರುತಿಗೊಂದು ಸಿಂತ್, ರಾಗಕ್ಕೊಂದು ಸಿಂತ್, ಬೇರೆ ಬೇರೆ ಚಾನೆಲ್. ಬೆಂಡ್‌ನ ವ್ಯಾಪ್ತಿ ಬಹಳ ಸಿಂತ್‌ಗಳಲ್ಲಿ ಮೇಲೆ ಎರಡು, ಕೆಳಗೆ ಎರಡು ಅರ್ಧಸ್ವರ ಇರುತ್ತದೆ. ರೆಕಾರ್ಡ್ ಮಾಡಿದ ಮೇಲೆ ಅದನ್ನು ಬದಲಾಯಿಸಿದರೆ ಗಮಕವೆಲ್ಲ ಅಪಶ್ರುತಿ. ಸ್ಟೆಪ್ ಸ್ಟೆಪ್ಪಿಗೆ ಬೆಂಡ್ ಬರೆದರೆ ಮೆಟ್ಟಿಲು ಹತ್ತಿದಂತೆ ಕೇಳುತ್ತದೆ, ಆದ್ದರಿಂದ ಬೆಂಡ್ ವೀಲ್ ಇರುವ ಕೀಬೋರ್ಡ್ ಜೋಡಿಸಿ ಎಂಪಿಸಿಯಲ್ಲಿ ಕೈಯಾರೆ ನುಡಿಸಿ ತುಂಬಿ.

ಒಂದು ಅಡ್ಡ ಪರಿಣಾಮ: ಐದು ಪಿನ್ ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಮೂರು ಬೈಟ್‌ನ ಒಂದು ಸಂದೇಶಕ್ಕೆ ಹತ್ತಿರ ಹತ್ತಿರ 1 ಮಿಲಿಸೆಕೆಂಡ್. ಒಂದೇ ಕೇಬಲ್ಲಿನಲ್ಲಿ ಬೆಂಡ್‌ನ ಹೊಳೆ ಹರಿಯುತ್ತಿದ್ದರೆ ಹಿಂದೆ ನಿಂತ ಡ್ರಮ್ ತಡವಾಗುತ್ತದೆ. ತಾಳವಾದ್ಯವನ್ನು ಪೆಟ್ಟಿಗೆಯ ಒಳಗಿನ ಸ್ಯಾಂಪಲ್‌ನಿಂದಲೇ ನುಡಿಸಿ, ಇಲ್ಲವೇ ಯುಎಸ್‌ಬಿಗೆ ಹಾಕಿ. ಡಿಜಿಟಾಕ್ಟ್‌ನಲ್ಲಿ ಯುಎಸ್‌ಬಿ ಹೋಸ್ಟ್ ಇಲ್ಲ, ಅದು ತಿಳಿದಿರಲಿ.

ಪ್ರಶ್ನೆ: ಯುಎಸ್‌ಬಿಯಲ್ಲಿ ಸಿಂತ್ ಜೋಡಿಸಿದ ಕೂಡಲೇ ಸ್ಪೀಕರಿನಲ್ಲಿ ಸಣ್ಣ ಕೀರಲು ಸದ್ದು, ಜೊತೆಗೆ ಗುಂಯ್‌ಗುಡುವಿಕೆ.
— ಓದುಗರೊಬ್ಬರು, ಜಯನಗರ

ಉತ್ತರ: ಗ್ರೌಂಡ್ ಲೂಪ್. ಪೆಟ್ಟಿಗೆಗೂ ಸಿಂತ್‌ಗೂ ಯುಎಸ್‌ಬಿಯಲ್ಲಿ ಒಂದು ಗ್ರೌಂಡ್, ಆಡಿಯೊ ಕೇಬಲ್ಲಿನಲ್ಲಿ ಇನ್ನೊಂದು. ಐದು ಪಿನ್ ಮಿಡಿಯಲ್ಲಿ ಆಪ್ಟೊಕಪ್ಲರ್ ನಡುವೆ ಕೂತು ಎರಡನ್ನೂ ಬೇರ್ಪಡಿಸುತ್ತದೆ, ಅದಕ್ಕೇ ಆ ಕೇಬಲ್ಲಿಗೆ ಬಂದರೆ ಕೀರಲು ನಿಲ್ಲುತ್ತದೆ. ಯುಎಸ್‌ಬಿಯೇ ಬೇಕೆಂದರೆ ಆಡಿಯೊ ದಾರಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ. ಎಲ್ಲ ಸಾಧನವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ, ಹಳೇ ಮನೆಯಾದರೆ ಅರ್ಥಿಂಗನ್ನು ಎಲೆಕ್ಟ್ರಿಶಿಯನ್ ಕೈಲಿ ಪರೀಕ್ಷೆ ಮಾಡಿಸಿ.

ಅಡಾಪ್ಟರ್ ಬದಲಿಸುವಾಗ ಪೋಲಾರಿಟಿ ನೋಡಿಕೊಳ್ಳಿ. ವೋಲ್ಕಾದ 9 ವೋಲ್ಟ್ ಅಡಾಪ್ಟರಿನಲ್ಲಿ ನಡುಭಾಗ ಪ್ಲಸ್. ಗಿಟಾರ್ ಪೆಡಲ್‌ಗಳ 9 ವೋಲ್ಟ್‌ನಲ್ಲಿ ಸಾಮಾನ್ಯವಾಗಿ ನಡುಭಾಗ ಮೈನಸ್.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಕೊಳ್ಳುವಾಗ ಏನು ನೋಡಬೇಕು?
— ಓದುಗರೊಬ್ಬರು, ವಿಜಯನಗರ

ಉತ್ತರ: ಒಂದು ಮಿಡಿ ಕೇಬಲ್, ಒಂದು ಸಣ್ಣ ಸಿಂತ್, ಹೆಡ್‌ಫೋನ್ ಜೊತೆಗೆ ಹೋಗಿ. ಎಲ್ಲ ಪ್ಯಾಡನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ತಟ್ಟಿ. ಎನ್‌ಕೋಡರನ್ನು (ಕೊನೆಯಿಲ್ಲದೆ ತಿರುಗುವ ನಾಬ್) ನಿಧಾನಕ್ಕೆ ತಿರುಗಿಸಿ ಅಂಕಿ ಹಿಂದಕ್ಕೆ ಜಿಗಿಯುತ್ತದೆಯೇ ನೋಡಿ. ಇನ್, ಔಟ್ ಎಲ್ಲದರಲ್ಲೂ ಸದ್ದು ಹಾಯಿಸಿ. ಬ್ಯಾಟರಿ ಇರುವ ಪೆಟ್ಟಿಗೆಯಾದರೆ, ಉದಾಹರಣೆಗೆ ಎಂಪಿಸಿ ಲೈವ್ 2, ಸಮತಟ್ಟಾದ ಮೇಜಿನ ಮೇಲಿಟ್ಟು ತಳ ಉಬ್ಬಿ ಅಲುಗಾಡುತ್ತದೆಯೇ ಗಮನಿಸಿ, ಚಾರ್ಜರ್ ಕಿತ್ತು ಅರ್ಧ ಗಂಟೆ ಓಡಿಸಿ. ಹಿಂದಿನ ಮಾಲೀಕರ ಖಾತೆಯಲ್ಲಿ ನೋಂದಣಿ ಆಗಿದ್ದರೆ ಅದನ್ನು ಅವರ ಎದುರೇ ಬಿಡಿಸಿಕೊಳ್ಳಿ. ವಿದೇಶದಿಂದ ತರಿಸುವವರು ಕಸ್ಟಮ್ಸ್ ಸುಂಕ, ಅದನ್ನೂ ಸೇರಿಸಿದ ಮೊತ್ತದ ಮೇಲೆ ಬೀಳುವ ಐಜಿಎಸ್‌ಟಿ, ಎರಡನ್ನೂ ಕೂಡಿದ ಮೇಲೆ ಇಲ್ಲಿನ ಬೆಲೆಗೆ ಹೋಲಿಸಿ. ಅಲ್ಲಿನ ವಾರಂಟಿಯನ್ನು ಇಲ್ಲಿ ಮಾನ್ಯ ಮಾಡುತ್ತಾರೆಯೇ ಎಂದು ದುಡ್ಡು ಕಟ್ಟುವ ಮೊದಲೇ ಬರವಣಿಗೆಯಲ್ಲಿ ಕೇಳಿ.