ಸೋಗೆಯ ಹನಿಗೇ ಪೆಟ್ಟು ಹೆಚ್ಚು ಏಕೆ?

ಪ್ರಶ್ನೆ: ಮೋಡದಿಂದ ಬೀಳುವ ಮಳೆಹನಿ ಮೈಗೆ ಅಷ್ಟೇನೂ ನೋಯಿಸುವುದಿಲ್ಲ. ನಮ್ಮ ತೋಟದ ಅಡಿಕೆ ಸೋಗೆಯಿಂದ ಉದುರುವ ಹನಿ ಮಾತ್ರ ನೆತ್ತಿಗೆ ಟಪ್ಪೆಂದು ಹೊಡೆಯುತ್ತದೆ. ಎತ್ತರ ಹೆಚ್ಚಿದಷ್ಟೂ ಪೆಟ್ಟು ಹೆಚ್ಚಬೇಕಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಗಾಳಿಯೇ ಇಲ್ಲದಿದ್ದರೆ ನಿಮ್ಮ ಲೆಕ್ಕ ಸರಿ. ಆಗ 2 ಕಿ.ಮೀ. ಮೇಲಿಂದ ಬಿದ್ದ ಹನಿ ಗಂಟೆಗೆ 700 ಕಿ.ಮೀ. ವೇಗದಲ್ಲಿ ನಮ್ಮ ತಲೆಗೆ ಬಡಿಯುತ್ತಿತ್ತು. ನಮ್ಮನ್ನು ಕಾಯುತ್ತಿರುವುದು ಗಾಳಿ. ಹನಿಯ ವೇಗ ಏರಿದಂತೆ ಗಾಳಿಯ ತಡೆಯೂ ಏರುತ್ತದೆ; ಆ ತಡೆ ಹನಿಯ ತೂಕಕ್ಕೆ ಸಮವಾದ ಮೇಲೆ ವೇಗ ಹೆಚ್ಚುವುದಿಲ್ಲ. ಇದನ್ನೇ ಅಂತಿಮ ವೇಗ ಎನ್ನುತ್ತೇವೆ. 2 ಮಿ.ಮೀ. ಹನಿಗೆ ಅದು ಸೆಕೆಂಡಿಗೆ ಸುಮಾರು 6.5 ಮೀಟರ್. ಹತ್ತು ಮೀಟರ್ ಬೀಳುವಷ್ಟರಲ್ಲಿ ಹನಿ ಹೆಚ್ಚುಕಡಿಮೆ ಆ ವೇಗ ಮುಟ್ಟಿರುತ್ತದೆ. ಅಲ್ಲಿಂದಾಚೆಗೆ ಎತ್ತರ ಎಷ್ಟಿದ್ದರೂ ಪೆಟ್ಟು ಅಷ್ಟೇ.

ಇನ್ನು ಉಳಿಯುವುದು ಹನಿಯ ಗಾತ್ರ. ವ್ಯಾಸ ಇಮ್ಮಡಿಯಾದರೆ ತೂಕ ಎಂಟು ಪಟ್ಟಾಗುತ್ತದೆ, ಗಾಳಿಗೆ ಎದುರಾಗುವ ಮೈ ಮಾತ್ರ ನಾಲ್ಕೇ ಪಟ್ಟು. ಹಾಗಾಗಿ ದಪ್ಪ ಹನಿಯೇ ಜೋರು.

ಮುಂದಿನ ಮಳೆಯಲ್ಲಿ ಸೋಗೆಯ ತುದಿಯನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲಿ. ಸಣ್ಣ ಹನಿಗಳು ಎಲೆಯುದ್ದಕ್ಕೂ ಜಾರಿ ಬಂದು ಅಲ್ಲಿ ಒಂದಾಗುತ್ತವೆ. ಹನಿ ಉಬ್ಬುತ್ತದೆ, ಜೋತುಬೀಳುತ್ತದೆ, ತನ್ನ ಭಾರ ತಾಳದೆ ಕಳಚಿಕೊಳ್ಳುತ್ತದೆ. ಅಷ್ಟರಲ್ಲಿ ಅದು 5 ಮಿ.ಮೀ.ವರೆಗೂ ಬೆಳೆದಿರಬಹುದು. ಹನ್ನೆರಡು ಮೀಟರ್ ಬಿದ್ದರೆ ಅದರ ವೇಗ ಸೆಕೆಂಡಿಗೆ 9 ಮೀಟರಿನ ಹತ್ತಿರ. ತೂಕವನ್ನೂ ಸೇರಿಸಿ ಲೆಕ್ಕ ಹಾಕಿದರೆ, 2 ಮಿ.ಮೀ. ಹನಿಗಿಂತ ಇದರ ಚಲನಶಕ್ತಿ 25 ಪಟ್ಟಿಗೂ ಹೆಚ್ಚು!

ಆಕಾಶದಲ್ಲಿ ಇಷ್ಟು ದಪ್ಪದ ಹನಿ ಅಪರೂಪ. ಜರ್ಮನಿಯ ಭೌತವಿಜ್ಞಾನಿ ಫಿಲಿಪ್ ಲೆನಾರ್ಡ್ 1904ರಲ್ಲಿ, ಕೆಳಗಿನಿಂದ ಗಾಳಿ ಊದಿ ಹನಿಗಳನ್ನು ತೇಲಿಸಿ ಪರೀಕ್ಷಿಸಿದರು. ಸಣ್ಣವು ಗುಂಡಗೇ ಇದ್ದವು, ದೊಡ್ಡವು ಚಪ್ಪಟೆಯಾದವು, ಐದಾರು ಮಿ.ಮೀ. ದಾಟಿದವು ಒಡೆದುಹೋದವು.

ನಿಮ್ಮ ನೆತ್ತಿಗಿಂತ ನನಗೆ ತೋಟದ ಮಣ್ಣಿನದೇ ಚಿಂತೆ. ಅಡಿಕೆ ಮರದ ಬುಡಕ್ಕೆ ಕೆಂಪು ಮಣ್ಣು ಸಿಡಿದು ಮೆತ್ತಿಕೊಂಡಿರುವುದನ್ನು ನೀವು ನೋಡಿಯೇ ಇರುತ್ತೀರಿ. ಅದು ಈ ಹನಿಗಳದೇ ಕೆಲಸ. ಎತ್ತರದ ಮರಗಳ ಕೆಳಗಿನ ಬರಿನೆಲ ಬಯಲಿಗಿಂತ ಹೆಚ್ಚು ಪೆಟ್ಟು ತಿನ್ನುವುದುಂಟು. ಸೊಪ್ಪು, ತರಗೆಲೆ ಹಾಸುವ ರೂಢಿಯನ್ನು ದಯವಿಟ್ಟು ಬಿಡಬೇಡಿ. ಜೋರು ಮಳೆ ಹಿಡಿಯುವ ಮುಂಚೆಯೇ ಹಾಸಿಬಿಡಿ.